ಟೋಪಿ ತೆಗೆಯದೆ ಕೂರುವ ಕಾರು

ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಕ್ಲಿಫ್ಟನ್ ಬ್ರಾಡ್‌ನ್ಯಾಕ್ಸ್‌ನಂಥ ಜಿಪುಣ ಇನ್ನೊಬ್ಬನಿಲ್ಲ ಅನ್ನುತ್ತಾರೆ. ಷಿಕಾಗೋದ ದಕ್ಷಿಣ ಭಾಗದಲ್ಲಿ ಸಿಟಿ ಬಸ್ಸು ಓಡಿಸುವವನು. ಅಪ್ಪ ಬಿಟ್ಟುಹೋದ ಹಳೇ ಕಾರಿಗೆ ತುಕ್ಕು ಹತ್ತಿದಲ್ಲೆಲ್ಲ ಬಣ್ಣ ಬಳಿದು ಬಳಿದು ಅದನ್ನೇ ಓಡಿಸಿಕೊಂಡಿದ್ದ. ಚಳಿಗಾಲದಲ್ಲಿ ಹಿಮ ಬಿದ್ದರೆ ಉಳಿದವರೆಲ್ಲ ದುಡ್ಡು ಕೊಟ್ಟು ಎತ್ತಿಸುತ್ತಾರೆ; ಇವನು ಕೆಲಸಕ್ಕೆ ಹೋಗುವ ಮೊದಲು ತನ್ನ ಬಾಗಿಲಿನದನ್ನು ಎತ್ತಿ, ಪಕ್ಕದ ನನ್ನ ಬಾಗಿಲಿನದನ್ನೂ ಎತ್ತಿ ಹೋಗುತ್ತಾನೆ. ದುಡ್ಡಿಗೆ ಮಾತ್ರ ಜಿಪುಣ, ಮೈಗಲ್ಲ.

ಅಂಥವನು ಹೋದ ವರ್ಷ ಒಂದು ಭಾರಿ ಎಸ್‌ಯುವಿ ತಂದು ಬೀದಿಯಲ್ಲಿ ನಿಲ್ಲಿಸಿದ. ಕರಿ ಬಣ್ಣ, ಚರ್ಮದ ಸೀಟು, ಮೂರು ಸಾಲು, ದೊಡ್ಡ ಮನುಷ್ಯರು ಓಡಾಡುವಂಥದ್ದು. ಅದೂ ಕಾಡುಮೇಡು ಸುತ್ತಲಿಕ್ಕಲ್ಲ, ಮನೆಯಿಂದ ಚರ್ಚಿಗೆ, ಚರ್ಚಿನಿಂದ ಅಂಗಡಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೀದಿಯವರು ಆಡಿಕೊಂಡರು. ಐವತ್ತು ದಾಟಿದ ಗಂಡಸರಿಗೆ ಹೀಗೆಯೇ ತಲೆ ಕೆಡುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಆಡುವವರ ಬಾಯಿಗೆ ಬೀಗ ಹಾಕಲಿಕ್ಕಾಗುವುದಿಲ್ಲ, ಸರಿ; ಆದರೆ ನಡೆದದ್ದನ್ನು ಕಣ್ಣಾರೆ ಕಂಡವಳು ಬಾಯಿ ಮುಚ್ಚಿಕೊಂಡು ಕೂರಬೇಕೆಂದೂ ಇಲ್ಲವಲ್ಲ.

ಇದೆಲ್ಲ ಶುರುವಾದದ್ದು ಕ್ಲಿಫ್ಟನ್‌ನ ತಾಯಿ ಓಝೆಲ್ಲಾ ಅವರಿಂದ. ನಮ್ಮ ಚರ್ಚಿನಲ್ಲಿ ವಯಸ್ಸಿನಲ್ಲಿ ಹಿರಿಯರಾದ, ಬಾಳಿ ತೋರಿಸಿದ ಕೆಲವು ಹೆಂಗಸರಿಗೆ 'ಮದರ್' ಎಂಬ ಪಟ್ಟ ಕಟ್ಟುತ್ತೇವೆ. ಅವರ ಮುಂದೆ ಪಾದ್ರಿಯೂ ದನಿ ತಗ್ಗಿಸುತ್ತಾನೆ. ತಿಂಗಳ ಮೊದಲ ಭಾನುವಾರ, ಪವಿತ್ರ ಪ್ರಸಾದವೆಂದು ರೊಟ್ಟಿ ಮತ್ತು ದ್ರಾಕ್ಷಿರಸ ಹಂಚುವ ದಿನ, ಅವರೆಲ್ಲ ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟು ಮೊದಲ ಸಾಲಿನಲ್ಲಿ ಕೂರುತ್ತಾರೆ. ಮತ್ತೆ ಟೋಪಿಗಳು! ಮೊರದಗಲದ ಅಂಚು, ಮೇಲೆ ರಿಬ್ಬನ್ನಿನ ಗೋಪುರ. ಕನ್ನಡಿಯ ಮುಂದೆ ಒಮ್ಮೆ ಪಿನ್ನು ಚುಚ್ಚಿ ಇಟ್ಟರೆ ಮುಗಿಯಿತು, ಮರಳಿ ಮನೆ ಸೇರುವ ತನಕ ತೆಗೆಯುವಂತಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು ಕಾರಿನಿಂದ ಇಳಿದವಳನ್ನು ನಮ್ಮವರು ಅರ್ಧ ಬಟ್ಟೆ ಉಟ್ಟು ಬಂದವಳ ಹಾಗೆ ನೋಡುತ್ತಾರೆ. ಓಝೆಲ್ಲಾ ಅಮ್ಮ ಆ ಹಳೇ ತಗ್ಗು ಕಾರಿನಲ್ಲಿ ದಾರಿಯುದ್ದಕ್ಕೂ ಕತ್ತು ಓರೆ ಮಾಡಿಕೊಂಡೇ ಬರುತ್ತಿದ್ದರು.

ನಾನು ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ನಿಂತು, ಹಿರಿಯರಿಗೆ ಕಾರಿನ ಬಾಗಿಲು ತೆಗೆದು ಒಳಗೆ ಕರೆದೊಯ್ಯುವವಳು. ಮೇ ತಿಂಗಳ ಮೊದಲ ಭಾನುವಾರ ಇನ್ನೊಬ್ಬ ಮುದುಕಿಯ ಕೈ ಹಿಡಿದು ಮೆಟ್ಟಿಲ ಮೇಲಿದ್ದೆ. ಹಿಂದಿನಿಂದ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಓಝೆಲ್ಲಾ ಅಮ್ಮ ಫುಟ್‌ಪಾತಿನ ಮೇಲೆ, ಟೋಪಿ ಉರುಳಿಕೊಂಡು ಚರಂಡಿಯ ಅಂಚಿನಲ್ಲಿ. ಓಡಿಹೋಗಿ ಟೋಪಿ ಒರೆಸಿ ಕೊಟ್ಟೆ. ಅವರು ಕ್ಲಿಫ್ಟನ್‌ನ ಕೈ ಹಿಡಿದು ಎದ್ದರು, ಬರಿದಾದ ತಲೆ ಮುಟ್ಟಿಕೊಂಡರು, ಒಳಗೆ ಬಂದು ಕೊನೆಯವರೆಗೆ ಕೂತರು. ಮುಂದಿನ ಭಾನುವಾರದಿಂದ ಬರಲೇ ಇಲ್ಲ.

ಬೇಸಿಗೆಯ ನಡುವೆ ಒಂದು ಸಂಜೆ ಕ್ಲಿಫ್ಟನ್ ನಮ್ಮ ಅಡುಗೆಮನೆಗೆ ಬಂದು ಕೂತ. ಬಸ್ಸಿನ ಸಮವಸ್ತ್ರವನ್ನೂ ಬದಲಿಸಿರಲಿಲ್ಲ.

"ಅಮ್ಮ ಬರಲ್ಲ ಅಂತಾರೆ ಅರ್ನೆಸ್ಟೀನ್ ಅಕ್ಕಾ."

"ಯಾಕಂತೆ?"

"ಕಾರು ತಗ್ಗಂತೆ, ಕತ್ತು ನೋವಂತೆ. ಟೋಪಿ ತೆಗೆದು ತೊಡೆ ಮೇಲಿಟ್ಕೊಂಡು ದೇವರ ಮನೆಗೆ ಹೋಗೋ ಗತಿ ನಂಗಿನ್ನೂ ಬಂದಿಲ್ಲ ಅಂತಾರೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ವರ್ಷ ಇಲ್ಲದ ಕತ್ತು ನೋವು ಈಗ ಬಂತಾ?"

"ಬೀಳೋ ಭಯ ಅಕ್ಕಾ, ಬಾಯಿಬಿಟ್ಟು ಹೇಳಲ್ಲ ಅಷ್ಟೇ." ಅವನು ನಾನು ಕೊಟ್ಟ ಜೋಳದ ಬ್ರೆಡ್ಡನ್ನು ಪುಡಿ ಮಾಡುತ್ತಾ ಕೂತಿದ್ದ, ಒಂದು ಚೂರೂ ಬಾಯಿಗೆ ಹೋಗಲಿಲ್ಲ. "ಹೋದ ವಾರ ಚರ್ಚಿನವರು ರೊಟ್ಟಿ ದ್ರಾಕ್ಷಿರಸ ಮನೆಗೇ ತಂದುಕೊಟ್ರು. ಹಾಸಿಗೆ ಹಿಡಿದೋರಿಗೆ ಕೊಡೋ ಹಾಗೆ. ಅಮ್ಮ ಮನೆ ಗೌನಲ್ಲೇ ಊಟದ ಮೇಜಿನ ಮುಂದೆ ತಗೊಂಡ್ರು. ನನ್ನ ಕೈಲಿ ನೋಡೋಕಾಗ್ಲಿಲ್ಲ. ಎಂಬತ್ತು ದಾಟಿದೆ ಅವರಿಗೆ. ಇನ್ನೊಂದ್ಸಲ ಅಮ್ಮ ಆ ಬಾಗಿಲು ದಾಟೋದು ಶವದ ಪೆಟ್ಟಿಗೆಯೊಳಗೇ ಆಗಿಬಿಟ್ರೆ?"

ನಾನು ಪುಡಿಯಾದ ಬ್ರೆಡ್ಡಿನ ತಟ್ಟೆ ತೆಗೆದು ಅವನ ಮುಂದೆ ಇನ್ನೊಂದು ತುಂಡು ಇಟ್ಟೆ.

ಕಾರು ಹುಡುಕುವುದೆಂದಾಯಿತು. ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅವನ ಹೆಂಡತಿ ರೆನೀಟಾ ಶಾಲೆಯೊಂದರ ಅಡುಗೆಮನೆ ನಡೆಸುವವಳು, ಮಾತು ಕತ್ತರಿಯ ಹಾಗೆ.

"ಒಂದು ವ್ಯಾನ್ ತಗೋ ಕ್ಲಿಫ್ಟನ್. ಮೂರು ಮಕ್ಕಳು, ನಾವಿಬ್ರು, ಅತ್ತೆ, ಆರು ಜನಾನೂ ಹಾಯಾಗಿ ಕೂರಬಹುದು. ಬಾಗಿಲು ಜಾರುತ್ತೆ, ನೆಲ ತಗ್ಗು, ಅತ್ತೆಗೂ ಸುಲಭ."

"ಅಮ್ಮನ್ನ ವ್ಯಾನಿಂದ ಇಳಿಸ್ಲಾ? ಚರ್ಚಿನ ಮುಂದೆ, ಎಲ್ಲರ ಎದುರಿಗೆ, ಕಿರಾಣಿ ಸಾಮಾನು ಇಳಿಸಿದ ಹಾಗೆ?"

"ನಮ್ಮ ಬೀದೀಲಿ ಸೈಕಲ್ ನಿಲ್ಸೋಕೆ ಜಾಗ ಇಲ್ಲ, ನೀನು ಆನೆ ಕಟ್ಟೋಕೆ ಹೊರಟಿದ್ದೀಯಲ್ಲ ಮಾರಾಯಾ!"

ನಾನು ಆಗ ಕ್ಲಿಫ್ಟನ್‌ನ ಪಕ್ಷವೇ. ಮದರ್ ಪಟ್ಟದವರು ಇಳಿಯುವುದನ್ನು ಬೀದಿಯೆಲ್ಲ ನೋಡುತ್ತದೆ, ಇಳಿದರೆ ಘನವಾಗಿ ಇಳಿಯಬೇಕು.

ಮೊದಲ ಕಾರಿನ ಅಂಗಡಿಗೆ ಕ್ಲಿಫ್ಟನ್, ಅಮ್ಮ, ನಾನು ಮೂವರೂ ಹೋದೆವು. ಓಝೆಲ್ಲಾ ಅಮ್ಮನ ತೋಳು ಹಿಡಿಯಲು ಒಬ್ಬರು ಬೇಕಲ್ಲ. ಬಾಗಿಲು ತೆಗೆದರೆ ಮೆಟ್ಟಿಲು ತಾನಾಗಿ ಹೊರಗೆ ಚಾಚುವ ಕಾರು. ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು, ಹತ್ತಿ ಕೂತರು. ಮಾರುವ ಹುಡುಗ ಗುಂಡಿ ಒತ್ತಿ ಮೇಲಿನ ಪರದೆ ಸರಿಸಿದ. ಚಾವಣಿ ಪೂರ್ತಿ ಗಾಜು, ತಲೆಯ ಮೇಲೆ ಆಕಾಶ. ಕ್ಲಿಫ್ಟನ್ ಅರ್ಧ ವ್ಯಾಪಾರ ಮುಗಿಸಿಯೇ ಬಿಟ್ಟಿದ್ದ. ಆಗ ಒಳಗಿನಿಂದ ಮೆಲ್ಲನೆಯ ದನಿ ಬಂತು.

"ಟೋಪಿ ತಂದಿಲ್ವಲ್ಲೋ."

ಅಯ್ಯೋ ನನ್ನ ದಡ್ಡತನವೇ! ಟೋಪಿಗೋಸ್ಕರ ಕಾರು ಹುಡುಕಲು ಹೊರಟ ನಾವು ಟೋಪಿಯನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದೆವು. ಮುಂದಿನ ಶನಿವಾರ ಟೋಪಿ ಡಬ್ಬಿ ಹಿಡಿದು ಹೋದೆವು. ಅಮ್ಮ ಅಂಗಡಿಯ ಕನ್ನಡಿಯ ಮುಂದೆ ನಿಂತು ಪಿನ್ನು ಚುಚ್ಚಿಕೊಂಡರು. "ಮದುವೆಗೆ ಹೊರಟಿದ್ದೀರಾ ಮೇಡಂ?" ಎಂದ ಹುಡುಗ. ಕೂತರೆ ರಿಬ್ಬನ್ನಿನ ಗೋಪುರ ಚಾವಣಿಗೆ ಒತ್ತಿ ಬಾಗಿತು. ಆ ಗಾಜು, ಅದರ ಚೌಕಟ್ಟು, ಅದರ ಪರದೆ ಎಲ್ಲ ಸೇರಿ ತಲೆಯ ಮೇಲಿನ ಜಾಗವನ್ನು ತಿಂದುಹಾಕಿದ್ದವು. ಹೊರಗಿನಿಂದ ಬೆಟ್ಟದಷ್ಟು ಕಾರು, ಒಳಗೆ ಒಂದು ಟೋಪಿಗೆ ಎಡೆಯಿಲ್ಲ. "ಆಗಲ್ಲ ಬಿಡು, ಮನೆಗೆ ಹೋಗೋಣ" ಎಂದರು ಅಮ್ಮ. ಬೇಸರದ ದನಿ ಅಲ್ಲ ಅದು, ಪಾರಾದವರ ದನಿ. ನನಗೆ ಆಗಲೇ ಒಂಥರಾ ಅನ್ನಿಸಿತು.

ಇನ್ನೊಂದು ಕಾರಿಗೆ ಗಾಜಿರಲಿಲ್ಲ, ಆದರೆ ಅಮ್ಮನ ಮಂಡಿ ಅಷ್ಟೆತ್ತರಕ್ಕೆ ಏಳಲಿಲ್ಲ. ಕ್ಲಿಫ್ಟನ್ ಹಿಂದಿನಿಂದ ತಳ್ಳಲು ಹೋಗಿ ಸರಿಯಾಗಿ ಬೈಸಿಕೊಂಡ. "ನಾನೇನು ನಿನ್ನ ಬಸ್ ಪ್ಯಾಸೆಂಜರ್ರಾ?"

ಕೊನೆಗೆ ಸಿಕ್ಕಿದ್ದು ಈ ಕರಿ ಕಾರು. ಹೊಸದಲ್ಲ, ಯಾರೋ ಸ್ವಲ್ಪ ಕಾಲ ಓಡಿಸಿ ಮಾರಿದ್ದು, ಪಕ್ಕದಲ್ಲಿ ಕಾಲಿಡಲು ಮೆಟ್ಟಿಲಿದೆ. ಗುಂಡಿ ಒತ್ತಿದರೆ ಉಸ್ಸೆಂದು ಉಸಿರು ಬಿಟ್ಟು ಇಡೀ ಕಾರೇ ಕೆಳಗಿಳಿಯುತ್ತದೆ. ಅದನ್ನು ಕಂಡು ಕ್ಲಿಫ್ಟನ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ. ಮುದುಕರು ಹತ್ತುವ ನಿಲ್ದಾಣಗಳಲ್ಲಿ ಅವನು ದಿನವಿಡೀ ಬಸ್ಸಿನ ಅಂಥದ್ದೇ ಗುಂಡಿ ಒತ್ತುವವನು.

"ಅಕ್ಕಾ, ನನ್ನ ಬಸ್ಸೇ ಸೂಟು ಹಾಕ್ಕೊಂಡು ಬಂದಿದೆ ನೋಡಿ!"

ಅಮ್ಮ ಹತ್ತಿದರು. ಟೋಪಿಗೂ ಚಾವಣಿಗೂ ನಡುವೆ ನನ್ನ ಕೈ ಧಾರಾಳವಾಗಿ ಆಡಿತು. ಕತ್ತು ನೇರ, ಬೆನ್ನು ನೇರ. ಇನ್ನು ಹೇಳಲು ಒಂದು ನೆಪವೂ ಉಳಿಯಲಿಲ್ಲ. "ಖುಷಿನಾ ಅಮ್ಮಾ?" ಎಂದೆ. ಅವರು ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು ಮುಂದಿನ ಗಾಜಿನಾಚೆ ನೋಡುತ್ತಿದ್ದರು.

"ಒಳ್ಳೇ ಕಾರು" ಎಂದರು. ಅಷ್ಟೇ.

ನಿವೃತ್ತಿಯಾದ ಮೇಲೆ ಕೆರೆಯಲ್ಲಿ ಮೀನು ಹಿಡಿಯಲು ದೋಣಿ ಕೊಳ್ಳಬೇಕೆಂದು ಕೂಡಿಟ್ಟದ್ದೆಲ್ಲ ಆ ಕಾರಿಗೆ ಹೋಯಿತು. ತಂದ ಮೇಲೆ ಪಡಿಪಾಟಲು ಬೇರೆ. ಮನೆಯ ಹಿಂದಿನ ಗಲ್ಲಿಯ ಗ್ಯಾರೇಜು ಅವನ ಅಪ್ಪನ ಕಾಲದ್ದು. ಕಾರು ಒಳಗೆ ಹೋದರೂ ಬಾಲ ಹೊರಗೇ ಉಳಿಯಿತು, ಬಾಗಿಲು ಹಾಕಲಾಗಲಿಲ್ಲ. ಬೀದಿಯಲ್ಲೇ ನಿಲ್ಲಿಸಬೇಕಾಯಿತು. ಕ್ಲಿಫ್ಟನ್ ಬಸ್ಸು ತಿರುಗಿಸುವವನು, ಎರಡು ಕಾರುಗಳ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ಸೇರಿಸುತ್ತಾನೆ. ರೆನೀಟಾ ಮಾತ್ರ ಮಾರ್ಕೆಟ್ಟಿನಿಂದ ಬಂದು ಬೀದಿ ಸುತ್ತಿ ಸುತ್ತಿ ಸಾಕಾಗಿ, ನಡು ರಸ್ತೆಯಲ್ಲಿ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದಳು.

"ಬಾರಯ್ಯಾ, ನಿನ್ನ ಆನೆ ನೀನೇ ಕಟ್ಕೋ! ಐಸ್‌ಕ್ರೀಮ್ ಕರಗಿ ಪಾಯಸ ಆಯ್ತು!"

ಅಕ್ಟೋಬರಿನ ಮೊದಲ ಭಾನುವಾರ ಬಂತು. ನಾನು ಕೈಗವಸು ತೊಟ್ಟು ಚರ್ಚಿನ ಮುಂದೆ ನಿಂತಿದ್ದೆ. ಭಾನುವಾರ ಅಲ್ಲಿ ಕಾರುಗಳು ಎರಡೆರಡು ಸಾಲಾಗಿ ನಿಲ್ಲುತ್ತವೆ, ಪೊಲೀಸರೂ ಕಂಡೂ ಕಾಣದ ಹಾಗೆ ಹೋಗುತ್ತಾರೆ. ಕರಿ ಕಾರು ಬಂದು ನಿಂತು ಉಸ್ಸೆಂದು ತಗ್ಗಿತು. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿದರು. ನಾನು ಬಾಗಿಲು ತೆಗೆದೆ. ಮುಂದಿನ ಸೀಟಿನಲ್ಲಿ ಓಝೆಲ್ಲಾ ಅಮ್ಮ, ಬಿಳಿ ಬಟ್ಟೆ, ಬಿಳಿ ಟೋಪಿ ಒಂದು ಕೂದಲೆಳೆಯಷ್ಟೂ ಓರೆಯಾಗದೆ ನಿಂತಿದೆ. ಹಿಂದಿನ ಸಾಲುಗಳಲ್ಲಿ ರೆನೀಟಾ, ಮಕ್ಕಳು. ಅಷ್ಟೂ ಜನ ಒಂದೇ ಕಾರಿನಲ್ಲಿ ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಕ್ಲಿಫ್ಟನ್ ಹೊಸ ಸೂಟಿನಲ್ಲಿ ಸುತ್ತಿ ಬಂದ. ಮೆಟ್ಟಿಲ ಕಡೆ ಒಮ್ಮೆ ನೋಡಿ, ನಗುತ್ತಾ, ಕೈ ಚಾಚಿದ.

"ಬನ್ನಿ ಅಮ್ಮಾ, ಇಳೀರಿ."

"ಇಳಿಯಲ್ಲ."

ಅವನ ನಗು ಹಾಗೆಯೇ ನಿಂತಿತು. "ಇನ್ನೂ ತಗ್ಗಿಸ್ಬೇಕಾ? ಕಾರಿನ ಮೆಟ್ಟಿಲು ಸಾಲದಾ?"

"ಕಾರಿನ ಮಾತು ಬಿಡು. ಕಾರು ಚೆನ್ನಾಗಿದೆ." ಅಮ್ಮ ಅವನ ಕಡೆ ತಿರುಗಿದರು. "ಅವತ್ತು ನಾನು ಬಿದ್ನಲ್ಲ, ಇಲ್ಲೇ. ಬಿದ್ದು ತಲೆಯೆತ್ತಿ ಮೊದಲು ಹುಡುಕಿದ್ದು ನಿನ್ನ ಮುಖಾನ. ನೀನು ನನ್ನ ನೋಡ್ಲಿಲ್ಲ. ಈ ಕಡೆ ನೋಡ್ದೆ, ಆ ಕಡೆ ನೋಡ್ದೆ, ಯಾರ್ಯಾರು ಕಂಡ್ರು ಅಂತ ನೋಡ್ದೆ. ಆಮೇಲೆ ಕೈ ಕೊಟ್ಟೆ."

ರೆನೀಟಾ ಬಾಯಿಗೆ ಕೈ ಒತ್ತಿಕೊಂಡಳು.

"ಅಮ್ಮಾ, ನಾನು..."

"ಬಿದ್ದ ನೋವು ಎರಡು ದಿನಕ್ಕೆ ಹೋಯ್ತು ಕಣೋ. ಮಗನಿಗೆ ನಾಚಿಕೆ ತರೋಷ್ಟು ಮುದುಕಿ ಆದೆನಲ್ಲ, ಅದು ಹೋಗ್ಲಿಲ್ಲ. ಮನೇಲಿ ಹೇಳೋಕೆ ಬಾಯಿ ಬರ್ಲಿಲ್ಲ, ಟೋಪಿ ಅಂದೆ, ಕತ್ತು ಅಂದೆ. ನೀನು ಹೋಗಿ ಇದನ್ನ ತಂದೆ. ಯಾರಿಗೆ ತಂದೆ? ನಂಗಾ, ಮೆಟ್ಟಿಲ ಮೇಲೆ ನಿಂತಿರೋರಿಗಾ?"

ಹಿಂದೆ ಬಂದು ನಿಂತ ಕಾರು ಹಾರನ್ ಹೊಡೆಯಿತು. ಐವತ್ತು ದಾಟಿದ ಕ್ಲಿಫ್ಟನ್‌ನ ತುಟಿ ಚಿಕ್ಕ ಹುಡುಗನ ಹಾಗೆ ನಡುಗುತ್ತಿತ್ತು. ನಾನು ಬಾಗಿಲು ಹಿಡಿದುಕೊಂಡೇ ನೆಲ ನೋಡಿದೆ. ನನ್ನ ಎದೆಗೂ ಬಂದು ಬಡಿದಿತ್ತು ಆ ಮಾತು. ಘನವಾಗಿ ಇಳಿಯಬೇಕು ಎಂದು ಕುಣಿದವರಲ್ಲಿ ನಾನೂ ಒಬ್ಬಳು, ಅವರನ್ನು ಕೂರಿಸಿಕೊಂಡು ಯಾಕಮ್ಮಾ ಎಂದು ಕೇಳಿದವರು ಒಬ್ಬರೂ ಇಲ್ಲ.

"ಇಬ್ರಿಗೂ ತಂದೆ ಅಮ್ಮಾ" ಎಂದ ಕೊನೆಗೆ, ಉಸಿರು ಎಳೆದುಕೊಂಡು. "ಅವತ್ತು ನೋಡಿದ್ದು ನಿಜ. ತಪ್ಪಾಯ್ತು."

ಓಝೆಲ್ಲಾ ಅಮ್ಮ ತಲೆಯಾಡಿಸಿದರು. "ಹ್ಞೂಂ. ಈಗ ಕೈ ಕೊಡು. ನಾನು ನಿಧಾನ ಇಳೀತೀನಿ. ಬಿದ್ರೂ ಬೀಳಬಹುದು."

ಒಂದು ಕಾಲು ಕಾರಿನ ಮೆಟ್ಟಿಲ ಮೇಲೆ ಬಂತು. ಮಂಡಿ ನಡುಗಿತು, ತಡೆದು ನಿಂತರು. ಹಿಂದಿನ ಕಾರಿನ ಹಾರನ್ ಮತ್ತೆ ಮೊಳಗಿತು, ಚರ್ಚಿನ ಮೆಟ್ಟಿಲ ಮೇಲಿಂದ ಯಾರೋ "ಏನಾಯ್ತು, ಏನಾಯ್ತು" ಎನ್ನುತ್ತಾ ಇಳಿದು ಬರುತ್ತಿದ್ದರು. ಎರಡನೇ ಕಾಲು ನೆಲ ಮುಟ್ಟುವ ತನಕವೂ ಕ್ಲಿಫ್ಟನ್ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.