ಆಯಿಯ ಹನ್ನೊಂದು ದಿನದ ನೇಮ

ನಿನ್ನೆ ಬೆಳಗಾವಿಯ ಸದಾಶಿವನಗರದ ನಮ್ಮ ಅಂಗಳ ಗುಡಿಸುವಾಗ ಕಸಬರಿಗೆಗೆ ಮಾವಿನ ಮಿಡಿಗಳು ಸಿಕ್ಕವು. ಒಂದನ್ನು ಚಿವುಟಿ ಮೂಸಿದೆ. ಸೊನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾನಾಪುರದ ಆಯಿಯ ಹಿತ್ತಿಲು ನೆನಪಾಯಿತು. ಆಯಿ ಎಂದರೆ ನಮ್ಮವ್ವನ ತಾಯಿ.

ಎಪ್ಪತ್ತರ ದಶಕದ ಕೊನೆ. ನಾನು ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಕಪ್ಪೆ ಕೊಯ್ದವಳೆಂಬ ಜಂಬ ಬೇರೆ. ಭಾನುವಾರ ರೈಲು ಹತ್ತಿ ಆಯಿಯ ಮನೆಗೆ ಹೋಗುತ್ತಿದ್ದೆ. ಆಯಿಯ ಮಗ, ನಮ್ಮ ಮಾಮಾ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ದಿನಾ ಹೋಗಿ ಬರುತ್ತಿದ್ದ. ಮದುವೆಯಾಗಿ ಆರು ವರ್ಷವಾದರೂ ಮಾಮಿಗೆ ಮಕ್ಕಳಿರಲಿಲ್ಲ. ಮಾಮಾನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ನೆಂಟರ ಬಾಯಲ್ಲಿ ಶುರುವಾಗಿತ್ತು. ಆಯಿಗೋ ಸೊಸೆಯ ಮೇಲೆ ಜೀವ. ಬೇಗ ಮಗುವಾಗಲೆಂದು ಮದುವೆಯ ಹೊಸದರಲ್ಲೇ ಅವಳಿಗೊಂದು ನೇಮ ಹಿಡಿಸಿದ್ದಳು: ತಿಂಗಳ ಮುಟ್ಟಿನ ಐದು ದಿನ ಕಳೆದು ತಲೆಗೆ ಎರೆದುಕೊಂಡ ಮೇಲೆ ಹನ್ನೊಂದು ದಿನ ಒಪ್ಪತ್ತು ಊಟ, ದೇವರ ಕೋಣೆಯಲ್ಲಿ ಅತ್ತೆಯ ಮಗ್ಗುಲಲ್ಲೇ ಹಾಸಿಗೆ.

ಒಂದು ಭಾನುವಾರ ಮಾಮಿಯ ಬಾಯಿಂದ ಇದನ್ನು ಕೇಳಿ ಬೆರಳು ಮಡಚಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಹೇಳಲು ನಾಚಿಕೆ, ಹೇಳದಿರಲು ಸಂಕಟ. ಕೊನೆಗೆ, ಮಾವಿನ ಗಿಡದ ಕೆಳಗೆ ಮಿಡಿ ಆರಿಸುತ್ತಿದ್ದ ಆಯಿಯ ಎದುರು ಕುಳಿತೆ.

"ಆಯಿ, ಹೆಣ್ಣಕೂಸು ಹುಟ್ಟೂವಾಗನ ಅದರ ಹೊಟ್ಟ್ಯಾಗ ಲಕ್ಷಗಟ್ಟಲೆ ತತ್ತಿ ಇರ್ತಾವು. ಈ ಮಿಡಿ ಉದುರಿಧಂಗ ಬಹಳಷ್ಟು ಕರಗಿ ಹೋಗ್ತಾವು. ದೊಡ್ಡಾಕಿ ಆದಮ್ಯಾಲೆ ತಿಂಗಳಾ ಒಂದಿಷ್ಟು ಬೆಳ್ಯಾಕ ಹತ್ತಿ, ಪೂರ್ತಿ ಮಾಗೂದು ಒಂದ."

"ತತ್ತಿ? ನಾವೇನು ಕೋಳಿ ಏನ?" ಆಯಿ ನಕ್ಕಳು.

"ಸಾಸಿವಿಕಿಂತಾ ಸಣ್ಣವು. ಮಾಗಿ ಹೊರಗ ಬಂದಮ್ಯಾಲೆ ಬಾಳೂದು ಒಂದ ದಿನ."

"ಯಾವಾಗ ಮಾಗತೈತಿ?"

"ಮುಟ್ಟಾದ ಹದಿನಾಕನೇ ದಿನದ ಆಜೂಬಾಜು."

ಆಯಿ ಮಿಡಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ಮೊದಲು ಐದು, ಆಮೇಲೆ ನೇಮದ ಹನ್ನೊಂದು. ಹದಿನಾಲ್ಕನೆಯದು ನೇಮದೊಳಗೇ ಬಿತ್ತು. "ಆವತ್ತ ಆಕಿ ನನ್ನ ಮಗ್ಗಲಾಗ ಮಲಗಿರ್ತಾಳಲ್ಲ" ಎಂದಳು.

ಮುಂದಿನ ಸಲದಿಂದ ನೇಮ ತಿಂಗಳ ಕೊನೆಗೆ ಸರಿಯಿತು. "ದೇವರಿಗೇನು, ಮುಂದ ಮಾಡಿದ್ರೂ ಅಷ್ಟ, ಹಿಂದ ಮಾಡಿದ್ರೂ ಅಷ್ಟ" ಎಂದಳು ಆಯಿ. ವರ್ಷ ತುಂಬುವುದರೊಳಗೆ ಮಾಮಿ ಬಸುರಿ! ಸೀಮಂತದ ಕುಬಸಕ್ಕೆ ಬಂದವರಿಗೆಲ್ಲ "ನೇಮ ಫಲಾ ಕೊಡ್ತು ನೋಡ್ರಿ" ಎಂದು ಆಯಿ ಸಾರಿದ್ದೇ ಸಾರಿದ್ದು. ನನ್ನ ಹೆಸರು ಎಲ್ಲೂ ಬರಲಿಲ್ಲ. ಆ ಸಿಟ್ಟನ್ನು ನಲವತ್ತು ವರ್ಷ ಜೋಪಾನ ಮಾಡಿದ್ದೆ, ಸುಳ್ಳೇಕೆ ಹೇಳಲಿ.

ನಿನ್ನೆ ಸಂಜೆ ಮಾಮಿ ಮನೆಗೆ ಬಂದಾಗ ಅದನ್ನೇ ಹೇಳಿ ಕಾಡಿಸಿದೆ. ಮಾಮಿ ನಗಲಿಲ್ಲ.

"ಆವತ್ತ ನೀ ರೈಲಿಗೆ ಹೋದಮ್ಯಾಲೆ ಅತ್ತಿ ಅಡಗಿ ಮನಿಗೆ ಬಂದು ನನ್ನ ಕೈ ಹಿಡದ್ರು. 'ತಪ್ಪು ನಿಂದಲ್ಲವ್ವಾ, ನಂದು' ಅಂದ್ರು. ಆರು ವರ್ಷದಾಗ ಯಾರೂ ಹಂಗ ಅಂದಿರಲಿಲ್ಲ. ಕೂಸು ಆಮ್ಯಾಲೆ ಬಂತು. ನನಗ ಜೀವ ಬಂದದ್ದು ಆವತ್ತ."

ಇವತ್ತು ಬೆಳಿಗ್ಗೆ ಮತ್ತೆ ಮಿಡಿ ಉದುರಿದ್ದವು. ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ. ಕಟ್ಟೆಯ ಮೇಲೆ ಹದಿನಾರನ್ನು ಸಾಲಾಗಿ ಇಟ್ಟು, ಹದಿನಾಲ್ಕನೆಯದನ್ನು ಎತ್ತಿ ಒಳಗೆ ಹೋಗಿ ಆಯಿಯ ಫೋಟೋದ ಮುಂದೆ ಇಟ್ಟೆ.