ಪಿರೋಶ್ಕಾಳ ಹುಳಿನೀರು

ಹರ್ಗಿತಾ ಬೆಟ್ಟದ ಬುಡದ ನಮ್ಮೂರಲ್ಲಿ ಪಿರೋಶ್ಕಾಳಷ್ಟು ಮೆಲ್ಲಗೆ ನೀರು ತುಂಬುವವರು ಇನ್ನೊಬ್ಬರಿರಲಿಲ್ಲ. ಮಣ್ಣಿನ ಹೂಜಿಯನ್ನು ಕೈಗೆಟುಕುವ ಬಾವಿನೀರಿನೊಳಗೆ ಓರೆಯಾಗಿ ಇಳಿಸಿ, ಗುಳುಗುಳು ಸದ್ದಾಗದಂತೆ ತುಂಬಿಸಿ, ನೀರಿನೊಳಗೇ ಬಿರಡೆ ಒತ್ತಿ ಮೇಲೆತ್ತುತ್ತಿದ್ದಳು. ನಮ್ಮದು ಹುಳಿನೀರು. ನಾಲಿಗೆಗೆ ಚುರುಗುಟ್ಟುತ್ತದೆ, ಮೂಗಿಗೆ ಏರುತ್ತದೆ. ಸುಮ್ಮನಿದ್ದಷ್ಟು ಹೊತ್ತು ಅದರ ಗಾಳಿ ಅದರೊಳಗೇ ಕರಗಿರುತ್ತದೆ. ಕುಲುಕಿದರೆ ಮುಗಿಯಿತು: ಗಾಳಿ ಹಾರಿಹೋಗಿ ನೀರು ಸಪ್ಪೆಯಾಗುತ್ತದೆ, ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಆ ಕೆಂಪು ನೀರನ್ನು ಪೇಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಹಾಗಾಗಿ ಪೇಟೆಗೆ ಮಾರಲು ಹೋಗುವಾಗ ಗಂಡ ಆರೋನ್ ಗಾಡಿ ಹೊಡೆದರೆ ಅವಳು ಹಿಂದೆ ಒದ್ದೆ ಹುಲ್ಲಿನ ಮೇಲೆ ಕೂತು ಹೂಜಿಗಳನ್ನು ತಬ್ಬಿ ಹಿಡಿಯುತ್ತಿದ್ದಳು. ಬೇಲಿಯಾಚೆಯ ನಮ್ಮ ಮನೆಗೆ ಅವರ ಜಗಳ ಚೆನ್ನಾಗಿ ಕೇಳುತ್ತಿತ್ತು.

"ಮೆಲ್ಲಗೆ ಹೊಡಿ ಮಾರಾಯ, ನೀರಿಗೆ ಹೊಟ್ಟೆ ತೊಳಸುತ್ತೆ!"

"ನೀರಿಗೋ, ನಿನಗೋ?"

"ನನಗೆ ನಿನ್ನ ಮುಖ ನೋಡಿ ನೋಡಿ ಅಭ್ಯಾಸ ಆಗಿದೆ. ಪಾಪ, ಅದಕ್ಕೆ ಆಗಿಲ್ಲ."

ಅವಳ ತಮ್ಮ ದೇನೆಶ್ ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಬೆಳೆಸಿದವಳು ಇವಳೇ. ರೊಜಾಲಿಯಾ ಎಂಬ ನಗುಮುಖದ ಹುಡುಗಿಯನ್ನು ಅವನಿಗೆ ನೋಡಿ ತಂದವಳೂ ಇವಳೇ.

ಆ ಶರತ್ಕಾಲದಲ್ಲಿ ಬಾವಿಯ ತಳದಲ್ಲಿ ಹೂಳು ತುಂಬಿ ಊಟೆ ಸಣ್ಣದಾಗಿ ನೀರು ಕೆಳಗಿಳಿದಿತ್ತು. ಆರೋನ್ ಮತ್ತು ದೇನೆಶ್ ಅದನ್ನು ತೆಗೆಯಲು ಹೊರಟರು. ನಮ್ಮ ಬೆಟ್ಟದ ತಗ್ಗುಗಳಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆಂದು, ಹಕ್ಕಿಗಳು ಅದರಲ್ಲಿ ಬಿದ್ದು ಸಾಯುತ್ತವೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಬೆಳಿಗ್ಗೆ ಮೊದಲು ಮೇಣದ ಬತ್ತಿ ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟರು. ಕೆಟ್ಟ ಗಾಳಿಯಿದ್ದರೆ ಆರಬೇಕಿದ್ದ ಬತ್ತಿ ನೆಟ್ಟಗೆ ಉರಿಯಿತು. ಆಮೇಲೆ ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲಿ, ಮೊಣಕಾಲುದ್ದ ಉಳಿಸಿದರು. ಅಷ್ಟರಲ್ಲಿ ಮಧ್ಯಾಹ್ನವಾಗಿ ಬೀಸುತ್ತಿದ್ದ ಗಾಳಿಯೂ ನಿಂತುಹೋಗಿತ್ತು. ಪಿರೋಶ್ಕಾ ಊಟದ ಬುತ್ತಿ ತಂದಳು. ಮೊದಲು ಕೆಲಸ, ಆಮೇಲೆ ಊಟ ಎಂದು ದೇನೆಶ್ ಸಲಿಕೆ ಹಿಡಿದು ಏಣಿ ಇಳಿದ.

"ಸೊಂಟಕ್ಕೆ ಹಗ್ಗ ಕಟ್ಕೋ," ಎಂದ ಆರೋನ್.

"ನಾನೇನು ಕರುವಾ ಭಾವ, ಕಟ್ಟಿಹಾಕೋದಕ್ಕೆ?"

ಅವನು ಸಲಿಕೆಯಿಂದ ಹೂಳನ್ನು ಕೆದಕಿದ. ನೀರು ಉಕ್ಕುವ ಹಾಲಿನಂತೆ ಬೆಳ್ಳಗೆ ನೊರೆಯೆದ್ದಿತು.

"ಅಕ್ಕಾ, ಕಾಲು ಬೆಚ್ಚಗಾಗ್ತಿದೆ ಕಣೇ! ರೊಜಾಲಿಯಾಗೆ ಹೇಳಿಬಿಡು, ಚಳಿಗಾಲಕ್ಕೆ ನಾನು ಇಲ್ಲೇ ಮಲಗ್ತೀನಿ."

ಮೇಲೆ ಇಬ್ಬರೂ ನಕ್ಕರು. ಕೆಳಗೆ ಒಂದು ಕೆಮ್ಮು ಕೇಳಿತು. ಬಗ್ಗಿ ನೋಡಿದಾಗ ದೇನೆಶ್ ಬಾವಿಯ ಗೋಡೆಗೆ ಬಡಿದ ಹಲಗೆಗೆ ಒರಗಿ ಮೆಲ್ಲಗೆ ಕುಸಿಯುತ್ತಿದ್ದ.

ಆರೋನ್ ಏಣಿಗೆ ಕಾಲು ಹಾಕಿದ. ಪಿರೋಶ್ಕಾ ಹಿಂದಿನಿಂದ ಅವನ ಸೊಂಟದ ಪಟ್ಟಿ ಹಿಡಿದು ನೆಲಕ್ಕೆ ಕೂತುಬಿಟ್ಟಳು.

"ಬಿಡೇ! ಬಿಡು ಅಂದೆ!"

"ಬಿಡಲ್ಲ. ಇಳಿದ್ರೆ ನೀನೂ ಮೇಲೆ ಬರಲ್ಲ."

ಅವನು ಮುಷ್ಟಿಯಿಂದ ಅವಳ ಕೈ ಮೇಲೆ ಗುದ್ದಿದ. ಒಂದು ಬೆರಳು ಮುರಿಯಿತು. ಅವಳು ಬಿಡಲಿಲ್ಲ. ಕೂಗು ಕೇಳಿ ಓಡಿಬಂದವರು ಕಮ್ಮಾರನ ಉದ್ದ ಕೊಕ್ಕೆ ತಂದು ದೇನೆಶನನ್ನು ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೆಳಿಗ್ಗೆ ಬತ್ತಿ ಉರಿದದ್ದು ಸುಳ್ಳಲ್ಲ. ಕೆಟ್ಟ ಗಾಳಿ ಆಗ ನೀರು, ಹೂಳುಗಳ ಒಳಗಿತ್ತು. ಬಕೆಟ್ಟು ಅದನ್ನು ಕಲಕಿತು, ಸಲಿಕೆ ಪೂರ್ತಿ ಎಬ್ಬಿಸಿತು. ಪಿರೋಶ್ಕಾ ಎಷ್ಟೋ ಸಲ ನನ್ನ ಹತ್ತಿರ ಹೇಳಿದ್ದಾಳೆ: "ಹೂಜಿ ಅಲುಗಬಾರದು ಅಂತ ಹಗಲೂ ರಾತ್ರಿ ಬಡ್ಕೊಂಡೋಳು ನಾನು. ಬಾವಿನೂ ಒಂದು ದೊಡ್ಡ ಹೂಜಿ ಅಂತ ಹೊಳೀಲೇ ಇಲ್ಲ ನೋಡು."

ಮಣ್ಣು ಮಾಡಿದ ದಿನ ಗೋರಿಯ ಹತ್ತಿರ ರೊಜಾಲಿಯಾ ಅಳಲಿಲ್ಲ. "ಬಿಟ್ಟಿದ್ರೆ ಇಬ್ಬರೂ ಹೋಗ್ತಿದ್ರು ಅಂತ ಎಲ್ಲರೂ ಹೇಳ್ತಾರೆ ಅತ್ತಿಗೆ. ನನಗೂ ಗೊತ್ತು. ಆದ್ರೂ ನಿಮ್ಮ ಕೈ ನೋಡೋಕೆ ನನ್ನಿಂದ ಆಗಲ್ಲ," ಎಂದಳು. ಹಿಮ ಬೀಳುವ ಮೊದಲೇ ಪೇಟೆ ಸೇರಿ, ಮನೆಮನೆಯ ಬಟ್ಟೆ ಒಗೆಯುವ ಕೆಲಸ ಹಿಡಿದಳು.

ಆರೋನ್ ಮತ್ತೆ ಗಾಡಿ ಹತ್ತಲಿಲ್ಲ. ಕಾಡಿನಲ್ಲಿ ಮರ ಕಡಿಯಲು ಹೋಗತೊಡಗಿದ. ಸಂಜೆ ಬಂದವನು ಮುಸುಕಿನ ಜೋಳದ ಮುದ್ದೆಯ ಬಟ್ಟಲು ಹಿಡಿದು ಹೊಸ್ತಿಲ ಮೇಲೆ ಹೆಂಡತಿಗೆ ಬೆನ್ನು ಹಾಕಿ ಕೂರುತ್ತಿದ್ದ. ಒಂದೇ ಒಂದು ಸಲ ಅವನ ದನಿ ಬೇಲಿ ದಾಟಿ ಬಂದದ್ದು ನನಗೆ ನೆನಪಿದೆ: "ಯಾಕೆ ಹಿಡ್ಕೊಂಡೆ ನನ್ನ?"

ಅವಳು ಒಬ್ಬಳೇ ಗಾಡಿ ಹೊಡೆದಳು. ಹಿಂದೆ ತಬ್ಬಿ ಹಿಡಿಯುವವರಿಲ್ಲದೆ ಅರ್ಧ ಹೂಜಿಗಳು ದಾರಿಯಲ್ಲೇ ಸಪ್ಪೆಯಾಗುತ್ತಿದ್ದವು. ಆದರೆ ಒಂದು ಹೂಜಿಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಹೋಗಿ, ಸಂತೆಯ ದಿನ ರೊಜಾಲಿಯಾಳ ಬಾಗಿಲಲ್ಲಿಟ್ಟು ಬರುತ್ತಿದ್ದಳು. ಬಾಗಿಲು ತಟ್ಟುತ್ತಿರಲಿಲ್ಲ. ಮುಂದಿನ ವಾರ ಹೋದರೆ ಅದು ಇಟ್ಟಲ್ಲೇ ಇರುತ್ತಿತ್ತು. ವಾರದಲ್ಲಿ ಗಾಳಿಯೆಲ್ಲ ಸೋರಿಹೋಗಿ, ಬಿರಡೆ ಕಿತ್ತರೆ ಸದ್ದೇ ಇಲ್ಲ, ಒಳಗೆ ಕೆಂಪು ನೀರು. ಅದನ್ನು ಚರಂಡಿಗೆ ಚೆಲ್ಲಿ ಹೊಸದನ್ನು ಇಡುತ್ತಿದ್ದಳು. ಮನೆಗೆ ಬಂದಾಗ ಆರೋನ್ ಬೆನ್ನು ತಿರುಗಿಸದೆಯೇ ಕೇಳುತ್ತಿದ್ದ, "ಕುಡಿದ್ಲಾ?"

"ಇಲ್ಲ."

ವರ್ಷಗಟ್ಟಲೆ ಅವರ ನಡುವೆ ಉಳಿದಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ.

ಒಂದು ವಸಂತದಲ್ಲಿ ಹೂಜಿ ಖಾಲಿಯಾಗಿತ್ತು. ಯಾರೋ ತೊಳೆದು ಬೋರಲು ಹಾಕಿದ್ದರು. ಪಿರೋಶ್ಕಾ ಮೊದಲ ಸಲ ಬಾಗಿಲು ತಟ್ಟಿದಳು. ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಅಪರಿಚಿತ ಹೆಂಗಸೊಬ್ಬಳು ತೆಗೆದಳು.

"ಓ, ನೀವೇನಾ ಅಮ್ಮ ನೀರಿಡೋರು? ನಮ್ಮೋರಂತೂ ಒಂದೇ ಊಟಕ್ಕೆ ಖಾಲಿ ಮಾಡಿದ್ರು!"

"ಇಲ್ಲಿ ರೊಜಾಲಿಯಾ ಅಂತ ಇದ್ಲಲ್ಲ?"

"ಆ ಬಟ್ಟೆ ಒಗೆಯೋರಾ? ಮನೆ ಬಿಟ್ಟು ಹೋದ್ರು. ಎಲ್ಲಿಗೆ ಅಂತ ಹೇಳಲಿಲ್ಲ. ಒಳಗೆ ಬನ್ನಿ, ಕೂತ್ಕೊಳ್ಳಿ, ಯಾಕೋ ಮುಖ ಬಿಳಿಚಿಕೊಂಡಿದೆ."

ಪಿರೋಶ್ಕಾ ಒಳಗೆ ಹೋಗಲಿಲ್ಲ. ತಂದಿದ್ದ ತುಂಬಿದ ಹೂಜಿಯನ್ನು ಆ ಹೆಂಗಸಿನ ಕೈಗೇ ಕೊಟ್ಟು ಗಾಡಿ ಹತ್ತಿದಳು.

ಅಂದು ಸಂಜೆ ಹೊಸ್ತಿಲಿಂದ ಅದೇ ಪ್ರಶ್ನೆ ಬಂತು. "ಕುಡಿದ್ಲಾ?"

"ಕುಡಿದ್ಲು," ಎಂದಳು ಪಿರೋಶ್ಕಾ.

ಆರೋನ್ ಬಟ್ಟಲು ಎತ್ತಿಕೊಂಡು ಎದ್ದು ಒಳಗೆ ಬಂದು, ಮೇಜಿನ ಬಳಿ ಅವಳ ಎದುರು ಕೂತು ಉಂಡ. ಅಂದಿನಿಂದ ಸಾಯುವವರೆಗೂ ಅವನು ಅಲ್ಲೇ ಕೂತು ಉಂಡ. ಕೆಲವೊಮ್ಮೆ ರೊಜಾಲಿಯಾ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಚೆನ್ನಾಗಿದ್ದಾಳೆ, ಸ್ವಲ್ಪ ದಪ್ಪಗಾಗಿದ್ದಾಳೆ, ನಿನ್ನನ್ನು ಕೇಳಿದಳು ಎಂದು ಅವಳು ಪ್ರತಿ ವಾರ ಏನಾದರೊಂದು ಹೊಸದು ಹುಟ್ಟಿಸಿ ಹೇಳುತ್ತಿದ್ದಳು.

ಅವನು ಹೋದ ಮೇಲೆ ನನ್ನ ಜೊತೆ ಹುರುಳಿಕಾಯಿ ಬಿಡಿಸುತ್ತಾ ಇದನ್ನೆಲ್ಲ ಹೇಳಿದಳು. "ಸುಳ್ಳು ಹೇಳೋದು ಕಷ್ಟ ಆಗ್ಲಿಲ್ಲ ಕಣೇ. ಅವನು ನಂಬಿದ ಮೇಲೆ ನಿಜ ಗೊತ್ತಿದ್ದೋಳು ನಾನೊಬ್ಬಳೇ ದಿನಾ ಅವನ ಎದುರಿಗೆ ಕೂತ್ಕೋಬೇಕಿತ್ತಲ್ಲ, ಅದು ಕಷ್ಟ ಆಯ್ತು."