ಹಲ್ಲಕ್ಕನ ನಲವತ್ತೊಂದು ಸಿಪಾಯಿಗಳು

ಕಟ್ಟುಹಲ್ಲು ಮಾಡುವ ಹೆಂಗಸು ಎಂದು ಪೂರ್ತಿ ಹೇಳಲು ಬೇಸರವಾಗಿ ಬೀದಿಯವರು ಅವಳನ್ನು ಹಲ್ಲಕ್ಕ ಅಂದರು, ಅದೇ ಹೆಸರು ನಿಂತಿತು. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಅದಕ್ಕೆ ತಕ್ಕ ಹಲ್ಲು ಜೋಡಿಸಿ, ಒಸಡಿಗೆ ಬಣ್ಣ ಕೂಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ಊರಿನ ಅರ್ಧ ಜನ ಅವಳು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಮಂದಿ ಅವಳ ಮುಖವನ್ನೇ ನೋಡಿರಲಿಲ್ಲ.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ವೈದ್ಯರು ಅವಸರದಲ್ಲಿ ತೆಗೆದ ಅಚ್ಚು ಸೊಟ್ಟಗಿದ್ದರೆ ಅದನ್ನು ಹಾಗೇ ಹಿಂದಕ್ಕೆ ಕಳಿಸಿ, "ಈ ಬಾಯಿ ಮನುಷ್ಯರದಾ, ಕುದುರೇದಾ?" ಎಂದು ಚೀಟಿ ಅಂಟಿಸುತ್ತಿದ್ದಳು. ಅವಳ ಗಂಡ ಬಸ್ ಚಾಲಕ, ತಣ್ಣನೆಯ ಮನುಷ್ಯ. "ನಮ್ಮನೇಲಿ ಹಾರ್ನ್ ಅವಳದು, ಬ್ರೇಕ್ ನಂದು" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಅವಳ ಕೈ ಸುಮ್ಮನಿರದಿದ್ದ ಇನ್ನೊಂದು ಕಡೆಯೂ ಇತ್ತು. ಹೆಬ್ಬೆರಳೆತ್ತರದ ಸೀಸದ ಸಿಪಾಯಿಗಳನ್ನು ತರಿಸಿ ಬಣ್ಣ ಹಚ್ಚುವುದು. ಹಲ್ಲಿನ ಮೇಲೆ ಗೆರೆ ಎಳೆಯುವ ಮೂರು ಕೂದಲಿನ ಬ್ರಷ್ಷು, ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿ, ಅಚ್ಚಿನ ಪ್ಲಾಸ್ಟರ್, ಎಲ್ಲವೂ ಕೈಯಳತೆಯಲ್ಲೇ ಇದ್ದವು. ಬೆಳಿಗ್ಗೆ ಗಂಡನನ್ನು ಮೊದಲ ಬಸ್ಸಿಗೆ ಕಳಿಸಿ, ಕಿಟಕಿಯ ಪಕ್ಕ ಎರಡು ಗಂಟೆ ಕೂತು ಬಣ್ಣ ಹಚ್ಚಿದ ಮೇಲೆಯೇ ಅವಳು ಹಲ್ಲಿಗೆ ಕೈ ಹಾಕುತ್ತಿದ್ದುದು.

ಇದು ಕಿವಿಯಿಂದ ಕಿವಿಗೆ ದಾಟಿ ಊರಿನ ಮ್ಯೂಸಿಯಂ ಸಮಿತಿಯ ಅಧ್ಯಕ್ಷರನ್ನು ಮುಟ್ಟಿತು. ಅವರು ಸೇನೆಯ ಉಗ್ರಾಣದಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ನೂರೈವತ್ತು ವರ್ಷದ ಹಿಂದೆ ಊರಿನ ದಳವೊಂದು ಚಳಿಗಾಲದಲ್ಲಿ ಹಿಮ ಮುಚ್ಚಿದ ಬೆಟ್ಟದ ಕಣಿವೆ ದಾಟಿ ಯುದ್ಧಕ್ಕೆ ಹೋಗಿತ್ತಂತೆ. ಅದರದೊಂದು ದೃಶ್ಯ ಬೇಕು, ಗಾಜಿನ ಪೆಟ್ಟಿಗೆಯಲ್ಲಿಡಲು. "ನೀವೇ ಮಾಡ್ಬೇಕಮ್ಮ, ನಿಮ್ಮ ಕೈಗೆ ಎದುರಿಲ್ಲ" ಎಂದು ಖುದ್ದಾಗಿ ಬಂದು ಕೇಳಿದರು. ಅವಳ ಕಪಾಟಿನಲ್ಲಿ ವರ್ಷಗಳಿಂದ ಬಣ್ಣ ಕಾಣದೆ ಬಿದ್ದಿದ್ದ ಗೊಂಬೆಗಳು ನಲವತ್ತೊಂದಿದ್ದವು. "ಗೊಂಬೆ ನನ್ನವೇ ಇರ್ಲಿ. ಆದ್ರೆ ನಾನು ಮಾಡಿದ ಹಾಗೇ ಇಡ್ಬೇಕು" ಅಂದಳು. "ಅದನ್ನೂ ಹೇಳ್ಬೇಕಾ?" ಅಂದರು ಅಧ್ಯಕ್ಷರು.

ಸುಮ್ಮನೆ ಬಣ್ಣ ಬಳಿಯುವ ಜಾತಿಯಲ್ಲ ಅವಳು. ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಹರಿದು ಕೊಡುವ ಹೆಂಗಸಿನ ಹತ್ತಿರ ಕೇಳಿ, ಆ ದಳದ ಜೊತೆ ಹೋಗಿದ್ದ ವೈದ್ಯನ ದಿನಚರಿಯನ್ನು ಕಪಾಟಿನಿಂದ ತೆಗೆಸಿ ಓದಿದಳು. ದಳ ಕಣಿವೆ ದಾಟಿದ್ದೇನೋ ನಿಜ, ಆದರೆ ಸೋತು ವಾಪಸ್ಸು ಬರುವಾಗ. ಬೂಟು ಹರಿದವರು ಕಾಲಿಗೆ ಗೋಣಿ ಸುತ್ತಿಕೊಂಡಿದ್ದರು. ದಂಡನಾಯಕ ಕಂಬಳಿಗಳ ಸಮೇತ, ಹಿಮದ ಮೇಲೆ ಎಳೆಯುವ ಜಾರುಬಂಡಿ ಹತ್ತಿ ಎರಡು ದಿನ ಮೊದಲೇ ಇಳಿದುಹೋಗಿದ್ದ. ಇನ್ನೊಂದು ಪುಟದಲ್ಲಿ ವೈದ್ಯ ಬರೆದಿದ್ದ: "ಇವರ ಒಸಡು ಊದಿ ಕಪ್ಪಾಗಿದೆ. ಬ್ರೆಡ್ಡು ಕಚ್ಚಿದರೆ ಹಲ್ಲು ಅದರಲ್ಲೇ ಉಳಿಯುತ್ತದೆ."

ಆ ಎರಡು ಸಾಲನ್ನು ಹಲ್ಲಕ್ಕ ಚೀಟಿಯಲ್ಲಿ ಬರೆದುಕೊಂಡಳು. ಮನೆಗೆ ಬಂದು ಗಂಡನಿಗೆ ಅಂದಳು, "ಕಂಬಳಿ ಹೊತ್ಕೊಂಡು ಓಡಿಹೋಗಿದಾನಲ್ರೀ, ದರಿದ್ರದೋನು!"

"ಯಾರು?"

"ನೂರೈವತ್ತು ವರ್ಷದ ಹಿಂದೆ ಸತ್ತೋನು."

"ಹಾಗಾದ್ರೆ ಪೊಲೀಸರಿಗೆ ಹೇಳೋದು ಕಷ್ಟ" ಅಂದ ಗಂಡ.

ಎಂಟು ತಿಂಗಳು ಹಿಡಿಯಿತು. ಹಿಮ ಬೆಳ್ಳಗಿರುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು, ಹಲ್ಲೂ ಬೆಳ್ಳಗಿರುವುದಿಲ್ಲವಲ್ಲ. ಅಚ್ಚಬಿಳಿಯ ಹಲ್ಲು ಕೂರಿಸಿದರೆ ಸುಳ್ಳೆಂದು ಹತ್ತು ಮಾರು ದೂರಕ್ಕೇ ಕಾಣುತ್ತದೆ. ಪ್ಲಾಸ್ಟರಿನ ಹಿಮಕ್ಕೆ ನೆರಳಿದ್ದ ಕಡೆ ತೆಳ್ಳಗೆ ನೀಲಿ ಇಳಿಬಿಟ್ಟಳು. ತುಳಿದ ದಾರಿಗೆ ಕೊಳಕು ಹಳದಿ, ಸಾಮಾನು ಹೊರುವ ಹೇಸರಗತ್ತೆಗಳು ನಿಂತಲ್ಲಿ ಕಂದು. ಸಿಪಾಯಿಗಳ ಕೋಟಿನ ಮಡಿಕೆಗಳಲ್ಲಿ ನೀರು ಬೆರೆಸಿದ ಕಪ್ಪು ಹರಿಸಿ, ಬ್ರಷ್ಷನ್ನು ಬಟ್ಟೆಗೆ ಒರೆಸಿ ಒಣಗಿಸಿಕೊಂಡು ಉಬ್ಬಿದ ಅಂಚುಗಳಿಗೆ ಮಾತ್ರ ತಿಳಿಬಣ್ಣ ಸವರಿದಳು. ಚಳಿಗೆ ಸತ್ತ ಚರ್ಮಕ್ಕೆ ಯಾವ ಬಣ್ಣ ಎಂದು ಒಸಡಿನ ಬಣ್ಣಗಳನ್ನೇ ಕಲಸಿ ಕಲಸಿ ನೋಡಿದಳು. ಕೊನೆಯ ಸಾಲಿನಲ್ಲಿ ಒಬ್ಬ ಕೂತಿದ್ದ. ಸೂಜಿಯಿಂದ ಅವನ ಬಾಯಿ ಕೊರೆದು ತೆರೆದು, ಒಳಗೆ ಅಕ್ಕಿಯ ನುಚ್ಚಿಗಿಂತ ಸಣ್ಣ ಮೂರು ಹಲ್ಲು ಉಳಿಸಿದಳು. ಅವನಿಗೊಬ್ಬನಿಗೇ ಒಂಬತ್ತು ದಿನ ಬೇಕಾಯಿತು.

ಪೆಟ್ಟಿಗೆ ಮ್ಯೂಸಿಯಂ ಸೇರಿತು. ಉದ್ಘಾಟನೆಯ ಹಿಂದಿನ ಮಧ್ಯಾಹ್ನ, ಒಂದು ಹೇಸರಗತ್ತೆಯ ಕಿವಿ ಸಡಿಲವಾಗಿದ್ದು ನೆನಪಾಗಿ, ಅಂಟು ಮತ್ತು ಪ್ಲಾಸ್ಟರ್ ಚಾಕು ಚೀಲಕ್ಕೆ ಹಾಕಿಕೊಂಡು ಹೋದಳು. ಟಿಕೆಟ್ ಕೊಡುವ ಹೆಂಗಸು ಅವಳನ್ನು ಕಂಡ ಕೂಡಲೇ ಮುಖ ತಿರುಗಿಸಿದಳು. "ನಾನು ಬೇಡ ಅಂದೆ ಅಕ್ಕ. ನನ್ನ ಮಾತು ಯಾರು ಕೇಳ್ತಾರೆ?"

ಯಾರೋ ಡಬ್ಬಿಯಿಂದ ಬಿಳಿ ಬಣ್ಣ ಸಿಂಪಡಿಸಿದ್ದರು. ನೀಲಿಯಿಲ್ಲ, ಹಳದಿಯಿಲ್ಲ, ದಾರಿಯೇ ಇಲ್ಲ. ಸಿಪಾಯಿಗಳ ಮುಖದ ಮೇಲೂ ಬಿಳಿ ಕೂತು, ಎಲ್ಲರೂ ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಾಣುತ್ತಿದ್ದರು. ಬಾಯಿ ತೆರೆದವನ ಬಾಯಿ ಮುಚ್ಚಿಹೋಗಿತ್ತು. ಎಲ್ಲರ ಮುಂದೆ, ಅವರಿಗಿಂತ ಒಂದೂವರೆ ಪಟ್ಟು ದೊಡ್ಡದಾದ ಕುದುರೆಯ ಮೇಲೆ, ಕತ್ತಿ ಹಿರಿದ ದಂಡನಾಯಕ! ಆಟಿಕೆ ಅಂಗಡಿಯ ಸರಕು. ಕೆನ್ನೆ ಟೊಮೆಟೊ ಕೆಂಪು. ಪೆಟ್ಟಿಗೆಯ ಕೆಳಗೆ ಹಿತ್ತಾಳೆ ಫಲಕ: "ವಿಜಯದತ್ತ ಪಯಣ".

ಹಲ್ಲಕ್ಕನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅಧ್ಯಕ್ಷರೇ ಒಳಗಿನಿಂದ ಬಂದರು.

"ಬಂದ್ರಾ? ಚೂರು ಸರಿಮಾಡಿಸಿದೀವಿ ನೋಡಿ. ಹಿಮ ಅಂದ್ಮೇಲೆ ಬೆಳ್ಳಗಿರ್ಬೇಕಲ್ವಾ? ನಿಮ್ಮದು ಸ್ವಲ್ಪ... ಗಲೀಜಾಗಿತ್ತು."

"ನಲವತ್ತೊಂದು ಜನ ಸಾಯ್ತಾ ನಡೀತಿದಾರೆ, ಗಲೀಜಾಗ್ದೆ ಇನ್ನೇನಾಗ್ಬೇಕಿತ್ತು? ಈ ಕುದುರೆ ಯಾರದು?"

"ದಂಡನಾಯಕರಿಲ್ದೆ ದಳ ಹೇಗಮ್ಮ ಇರುತ್ತೆ?"

"ಇರ್ಲಿಲ್ಲ! ಓಡಿಹೋಗಿದ್ದ! ನಿಮ್ಮ ಕಪಾಟಲ್ಲೇ ಬರೆದಿಟ್ಟಿದೆ, ಓದೋಕೆ ಪುರುಸೊತ್ತಾಗ್ಲಿಲ್ವಾ?"

ಅಧ್ಯಕ್ಷರು ನಕ್ಕರು. ಆ ನಗು ನೋಡಿದಾಗ ಅವಳಿಗೆ ಇನ್ನೂ ಉರಿಯಿತು. ಮೇಲಿನ ಸಾಲಿನ ಆ ಹಲ್ಲುಗಳು ಅವಳವೇ. ಮೂರು ವರ್ಷದ ಹಿಂದೆ, ಹುಟ್ಟಿನಿಂದ ಬಂದದ್ದೇ ಅನ್ನಿಸಲಿ ಎಂದು, ಒಂದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದಳು. ನನ್ನ ಹಲ್ಲು ಹಾಕಿಕೊಂಡು ನನ್ನನ್ನೇ ನೋಡಿ ನಗುತ್ತಾನಲ್ಲ! ಮಾತು ನಾಲಗೆಯ ತುದಿಗೆ ಬಂತು. ಆದರೆ ಯಾರ ಬಾಯಲ್ಲಿ ಏನಿದೆ ಎಂದು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಹೊರಗೆ ಆಡಿದವಳಲ್ಲ. ನುಂಗಿಕೊಂಡಳು, ನುಂಗಿದ್ದಕ್ಕೂ ಸಿಟ್ಟು ಬಂತು.

"ಮಕ್ಕಳು ಬಂದು ನೋಡೋ ಜಾಗ ಇದು" ಅಧ್ಯಕ್ಷರು ದನಿ ಏರಿಸಿದರು. "ಹೆಮ್ಮೆ ಪಡೋ ಹಾಗಿರ್ಬೇಕು. ಹಲ್ಲು ಮಾಡೋರು ನೀವು, ಇತಿಹಾಸ ನಮಗೆ ಬಿಡಿ."

"ಬಿಟ್ಟೆ. ಇತಿಹಾಸ ನೀವೇ ಇಟ್ಕೊಳ್ಳಿ. ಗೊಂಬೆ ನನ್ನವು."

ಚೀಲದಿಂದ ಚಾಕು ತೆಗೆದಳು. ಗಾಜಿನ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದಳು. ಮೊದಲ ಸಾಲಿನವನ ಕಾಲ ಕೆಳಗೆ ಚಾಕುವಿನ ತುದಿ ತೂರಿಸಿ ಮೀಟಿದಾಗ ಚಟ್ಟೆಂದು ಅವನು ಕೈಗೆ ಬಂದ. ಅಧ್ಯಕ್ಷರು "ಏಯ್, ಏಯ್" ಅಂದರೇ ಹೊರತು ಚಾಕು ಹಿಡಿದ ಕೈ ಹಿಡಿಯುವ ಧೈರ್ಯ ಮಾಡಲಿಲ್ಲ. ಪೊಲೀಸರನ್ನು ಕರೆಯುತ್ತೇನೆ ಅಂದರು. "ಕರೀರಿ. ಮುಖಕ್ಕೆ ಬಣ್ಣ ಎರಚಿದ್ದು ಯಾರು ಅಂತ ಅವರೇ ಬರ್ಕೊಳ್ಲಿ" ಅಂದಳು ತಲೆ ಎತ್ತದೆ. ಅವರು ಸಮಿತಿಯ ಮಿಕ್ಕವರಿಗೆ ಫೋನು ಮಾಡುತ್ತಾ ಹೊರಗೆ ಹೋದರು. ಟಿಕೆಟ್ ಕೊಡುವ ಹೆಂಗಸು ಬಂದು, ತನ್ನ ಸೆರಗು ಒಡ್ಡಿ ಹಿಡಿದಳು. ಕಿತ್ತ ಸಿಪಾಯಿಗಳು ಒಬ್ಬೊಬ್ಬರೇ ಅದರೊಳಗೆ ಬಿದ್ದರು, ಹಿಂದೆಯೇ ಹೇಸರಗತ್ತೆಗಳೂ. ಮುಕ್ಕಾಲು ಗಂಟೆ. ಇಬ್ಬರ ಪಾದ ಅಲ್ಲೇ ಮುರಿದು ಉಳಿಯಿತು. ಕುದುರೆಯನ್ನು ಹಲ್ಲಕ್ಕ ಮುಟ್ಟಲಿಲ್ಲ.

ಕಾರ್ಡು ಹಂಚಿಯಾಗಿತ್ತು, ಅತಿಥಿಗಳು ಬರುವವರಿದ್ದರು. ಮರುದಿನ ಬೆಳ್ಳನೆಯ ಬಯಲಿನ ಮೇಲೆ ಆ ಒಬ್ಬ ದಂಡನಾಯಕನನ್ನೇ ಉದ್ಘಾಟಿಸಿದರು. ಭಾಷಣ ಮುಗಿದು ಚಪ್ಪಾಳೆ ಬಿದ್ದ ಮೇಲೆ ಮುಂದಿನ ಸಾಲಿನ ಮುದುಕಿಯೊಬ್ಬಳು ಗಟ್ಟಿಯಾಗಿ ಕೇಳಿದಳಂತೆ: "ಇವನ ಜೊತೆಯವರೆಲ್ಲ ಎಲ್ಲಿಗೆ ಹೋದ್ರಪ್ಪ?" ಸಭೆ ಕಿಸಕ್ಕೆಂದಿತು. ವಾರದೊಳಗೆ ಪೆಟ್ಟಿಗೆಗೆ ಬಟ್ಟೆ ಹೊದಿಸಿದರು.

ಇದನ್ನೆಲ್ಲ ಟಿಕೆಟ್ ಕೊಡುವ ಹೆಂಗಸೇ ಬಂದು ಅಭಿನಯ ಸಮೇತ ಹೇಳಿದಳು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಹಲ್ಲಕ್ಕ ನಗಲಿಲ್ಲ. ಅವಳ ಮುಂದೆ ಸಾಲಾಗಿ ಬಿಳಿ ಮುಖಗಳು ಮಲಗಿದ್ದವು. ಆ ಬಿಳಿಯನ್ನು ತೊಳೆದರೆ ಕೆಳಗಿನ ಬಣ್ಣವೂ ಏಳುತ್ತಿತ್ತು. ಎಂಟು ತಿಂಗಳು ಮತ್ತೆ ಮೊದಲಿನಿಂದ. ನಡುವೆ ಸಮಿತಿಯಿಂದ ಕಾಗದ ಬಂತು: ಗೊಂಬೆಗಳನ್ನು ಹಿಂತಿರುಗಿಸಿದರೆ ಅವಳ ಹೆಸರನ್ನು ಫಲಕದಲ್ಲಿ ಹಾಕಿಸುವುದಾಗಿ. "ನನ್ನ ಹೆಸರು ಬೇಡ. 'ಸೋತು ಹಿಂದಿರುಗಿದ್ದು' ಅಂತ ಬರೆಸಿ, ಕುದುರೆ ಕೀಳಿ, ತಂದುಕೊಡ್ತೀನಿ" ಎಂದು ಉತ್ತರ ಹಾಕಿದಳು. ಕುದುರೆ ಬಟ್ಟೆಯ ಕೆಳಗೇ ಉಳಿಯಿತು.

ಮುಂದಿನ ವರ್ಷ ಸಿಪಾಯಿಗಳು ಅವಳ ಕೆಲಸದ ಕೋಣೆಯ ಬೀದಿಬದಿಯ ಕಿಟಕಿಯಲ್ಲಿ ನಿಂತರು, ನೀಲಿ ಹಳದಿ ಹಿಮದ ಮೇಲೆ. ಪಾದ ಮುರಿದ ಇಬ್ಬರನ್ನು ಹೇಸರಗತ್ತೆಗಳ ಮೇಲೆ ಮಲಗಿಸಿದ್ದಳು. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಕೆಲವರು ಒಳಗೆ ಬಂದು ಇವರು ಯಾರು ಎಂದು ಕೇಳುತ್ತಿದ್ದರು. ಕೈಯಲ್ಲಿನ ಕೆಲಸ ಬಿಟ್ಟು ಅವಳು ಹೇಳುತ್ತಿದ್ದಳು, ಜಾರುಬಂಡಿಯ ವಿಷಯಕ್ಕೆ ಬಂದಾಗ ದನಿ ತಾನಾಗಿ ಏರುತ್ತಿತ್ತು.

ಒಂದು ದಿನ ಊಟಕ್ಕೆ ಬಂದ ಗಂಡ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡ. ಬಂದವರು ಹೋದ ಮೇಲೆ, "ಇನ್ನೂ ಸಿಟ್ಟು ಇಳಿದಿಲ್ವಾ?" ಅಂದ.

"ಇಳಿಯೋದಕ್ಕೆ ಅದೇನು ಜ್ವರಾನಾ?" ಎಂದು ಹಲ್ಲಕ್ಕ ಭೂತಗನ್ನಡಿ ಕಣ್ಣಿಗೆ ಎಳೆದುಕೊಂಡಳು. "ಕೈ ತೊಳ್ಕೊಂಡು ಕೂತ್ಕೊಳ್ಳಿ. ಅನ್ನ ಆರಿಹೋಗುತ್ತೆ."